ಬಿದನೂರಿನ ಕೊನೆಯ ರಾಣಿ ವೀರಮ್ಮಾಜಿ



ನಾಡನ್ನಾಳಿದ ವೀರಶೈವ ಲಿಂಗಾಯತ ರಾಣಿಯರ ಹೆಸರನ್ನು ಹೇಳುವಾಗ ನಮ್ಮ ನಾಲಗೆಗೆ ಮೊದಲು ಬರುವವರು ಕೆಳದಿಯ ಚೆನ್ನಮ್ಮಾಜಿ, ಆನಂತರ ಕಿತ್ತೂರಿನ ಚೆನ್ನಮ್ಮ, ಬೆಳವಡಿಯ ಮಲ್ಲಮ್ಮ. ಶಿವಾನುಭವ ಗೋಷ್ಠಿಗಳಲ್ಲಿ, ಶಾಲಾ ಮಕ್ಕಳ ಭಾಷಣಗಳಲ್ಲಿ, ಜಾತ್ರೆಯ ಸಂದರ್ಭದ ಮಹಿಳಾ ಸಮಾವೇಶಗಳಲ್ಲಿ ಈ ಮೂರು ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಕೆಳದಿಯ ಸಿಂಹಾಸನವನ್ನೇ ಏರಿ ಆರು ವರ್ಷಗಳ ಕಾಲ ರಾಜ್ಯಭಾರ ಮಾಡಿದ ವೀರಮ್ಮಾಜಿಯವರ ಹೆಸರು ಮಾತ್ರ ಆ ಸಾಲಿನಲ್ಲಿ ಇರುವುದಿಲ್ಲ. ಇಂಥ ಪಟ್ಟಿಗಳನ್ನು ಸಿದ್ಧಪಡಿಸಿದವರಲ್ಲಿ ನಾವೂ ಇದ್ದೇವೆ. ಹೆಸರನ್ನು ಬಿಟ್ಟವರಲ್ಲಿಯೂ ಇದ್ದೇವೆ. ಮರೆತು ಬಿಟ್ಟದ್ದಲ್ಲ, ತಿಳಿದೇ ಬಿಟ್ಟದ್ದು. ಆಕೆಯ ಹೆಸರಿಗೆ ಅಂಟಿಕೊಂಡಿರುವ ಅಪವಾದವನ್ನು ಮಠದ ಅಂಗಳದಲ್ಲಿ ಎತ್ತುವುದೇಕೆ ಎಂಬ ಸಂಕೋಚವೇ ಅದಕ್ಕೆ ಕಾರಣ. ಆ ಸಂಕೋಚವನ್ನು ಇಂದು ಬದಿಗಿಟ್ಟು ಅವರ ಜೀವನವನ್ನು ತಿಳಿದಷ್ಟು ಮಟ್ಟಿಗೆ ಭಕ್ತರ ಮುಂದಿಡುತ್ತಿದ್ದೇವೆ.

ಕೆಳದಿಯ ಸಂಸ್ಥಾನವು ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡುಗಳ ಜನರಿಗೆ ದೂರದ್ದಲ್ಲ. ಸಾಗರದ ಬಳಿಯ ಕೆಳದಿಯೆಂಬ ಹಳ್ಳಿಯಲ್ಲಿ ಚೌಡಪ್ಪನಾಯಕನಿಂದ 1500ರ ಆಸುಪಾಸಿನಲ್ಲಿ ತಲೆಯೆತ್ತಿದ ಈ ಮನೆತನ ವಿಜಯನಗರದ ಆಶ್ರಯದಲ್ಲಿ ಬೆಳೆದು, ಇಕ್ಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡು, ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಸೂರೆಗೊಂಡ ಮೇಲೆ ಘಟ್ಟದ ಕಾಡುಗಳ ನಡುವಿನ ಬಿದನೂರಿಗೆ ಸರಿಯಿತು. ಶಿವಪ್ಪನಾಯಕನ ಕಾಲಕ್ಕೆ ಈ ರಾಜ್ಯದ ತೋಳು ಬೇಲೂರಿನವರೆಗೂ ಚಾಚಿತ್ತು. ಸಿಂಹಾಸನವನ್ನು ಕಳೆದುಕೊಂಡು ಅಲೆಯುತ್ತಿದ್ದ ವಿಜಯನಗರದ ಕೊನೆಯ ಅರಸು ಶ್ರೀರಂಗರಾಯನಿಗೆ ಆಶ್ರಯ ಕೊಟ್ಟು, ಬೇಲೂರಿನಲ್ಲಿ ನೆಲೆನಿಲ್ಲಿಸಿದವನು ಆ ಶಿವಪ್ಪನಾಯಕನೇ. ಭೂಮಿಯ ಗುಣವನ್ನು ನೋಡಿ ಕಂದಾಯ ನಿಗದಿ ಮಾಡಿದ ಆತನ ಶಿಸ್ತು ಇಂದಿಗೂ ಮಲೆನಾಡಿನ ರೈತರ ಮಾತಿನಲ್ಲಿ ಉಳಿದಿದೆ. ಅಡಕೆ, ಮೆಣಸು, ಅಕ್ಕಿ ಬೆಳೆಯುವ ಸೀಮೆ, ಕರಾವಳಿಯ ಬಂದರುಗಳು, ಘಟ್ಟವಿಳಿದು ಹೋಗುವ ಎತ್ತಿನ ಸಾಲು. ಹಣ ಬಿದನೂರಿಗೆ ತಾನಾಗಿ ಹರಿದುಬಂದಿತು. ಆ ಹಣದಿಂದ ಜಂಗಮ ದಾಸೋಹಗಳು ನಡೆದವು, ಮಠಗಳು ಎದ್ದವು. ಅರಸರು ಲಿಂಗಧಾರಿಗಳಾದರೂ ಶೃಂಗೇರಿಗೂ ಕೊಲ್ಲೂರಿಗೂ ನಡೆದುಕೊಂಡವರು. ಅದೇ ಹಣವೇ ಕೊನೆಗೆ ಶತ್ರುವಿನ ಕಣ್ಣನ್ನು ಈ ಕಡೆಗೆ ತಿರುಗಿಸಿತು.

ಚೆನ್ನಮ್ಮಾಜಿಯವರ ಚರಿತ್ರೆಯನ್ನು ಇಲ್ಲಿ ಒಮ್ಮೆ ನೆನೆಯದೆ ಮುಂದೆ ಹೋಗುವಂತಿಲ್ಲ. ಪತಿ ಸೋಮಶೇಖರನಾಯಕನು ಒಬ್ಬ ನರ್ತಕಿಯ ಮೋಹಕ್ಕೆ ಸಿಲುಕಿ ಬುದ್ಧಿವಿಕಲನಾಗಿ ಕೊಲೆಯಾದಾಗ, ಬಿಜಾಪುರದ ಸೈನ್ಯ ಬಾಗಿಲಿಗೆ ಬಂದು ನಿಂತಾಗ, ಆಕೆ ಭುವನಗಿರಿ ದುರ್ಗಕ್ಕೆ ಹೋಗಿ ನಿಂತು ರಾಜ್ಯವನ್ನು ಮರಳಿ ಕಟ್ಟಿದರು. 1672ರಿಂದ 1697ರವರೆಗೆ ಇಪ್ಪತ್ತೈದು ವರ್ಷ ಆಳಿದರು. ಸ್ವಂತ ಮಕ್ಕಳಿಲ್ಲದ ಅವರು ವರ್ತಕ ಮನೆತನದ ಬಾಲಕನೊಬ್ಬನನ್ನು ದತ್ತು ತೆಗೆದುಕೊಂಡರು. ಆ ದತ್ತಕವನ್ನು ಒಪ್ಪದ ಮನೆತನದವರು ಹೊರಗಿನ ಅರಸರ ಸಹಾಯವನ್ನು ಬೇಡಿ ಯುದ್ಧವನ್ನೇ ತಂದರು. ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಕೋಪಕ್ಕೂ ಗುರಿಯಾದರು. ಎಲ್ಲವನ್ನೂ ದಾಟಿದರು. ದತ್ತುಪುತ್ರನಾದ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ವಿದ್ವಾಂಸನಾದ. ಹೀಗಾಗಿ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು ಪಟ್ಟವೇರುವುದು, ಹೊರಗಿನ ಮನೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಳುವುದು, ಅದಕ್ಕೆ ದಾಯಾದಿಗಳು ಅಡ್ಡ ಬರುವುದು ಇವೆಲ್ಲ ಕೆಳದಿಯಲ್ಲಿ ಒಮ್ಮೆ ನಡೆದ ಸಂಗತಿಗಳೇ. ಎರಡನೆಯ ಸಲ ನಡೆದಾಗ ಫಲ ಬೇರೆಯಾಯಿತು.

ವೀರಮ್ಮಾಜಿಯವರು ಎರಡನೆಯ ಬಸವಪ್ಪನಾಯಕನ ರಾಣಿ. ಆತನು 1739ರಿಂದ 1754ರವರೆಗೆ ಆಳಿದನು. ಗಂಡು ಸಂತಾನವಿಲ್ಲದ ಕಾರಣ ಚೆನ್ನಬಸಪ್ಪನೆಂಬ ಹುಡುಗನನ್ನು ದತ್ತು ಮಾಡಿಕೊಂಡಿದ್ದರು. ನಾಯಕನು ಲಿಂಗೈಕ್ಯನಾದ ಮೇಲೆ ಚಿಕ್ಕ ವಯಸ್ಸಿನ ಚೆನ್ನಬಸಪ್ಪನಿಗೆ ಪಟ್ಟವಾಯಿತು. ರಾಜ್ಯಸೂತ್ರದಲ್ಲಿ ರಾಜಮಾತೆಯ ಕೈಯೂ ಇತ್ತು. ಮೂರೇ ವರ್ಷದಲ್ಲಿ, 1757ರಲ್ಲಿ, ಚೆನ್ನಬಸಪ್ಪನ ಆಳ್ವಿಕೆ ಮುಗಿದುಹೋಯಿತು. ವೀರಮ್ಮಾಜಿಯವರು ಸೋಮಶೇಖರನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ತಾವೇ ಆಡಳಿತವನ್ನು ವಹಿಸಿಕೊಂಡರು.

ಅಪವಾದ ಹುಟ್ಟುವುದು ಈ ಮೂರು ವರ್ಷಗಳ ಒಳಗೆ. ಅದನ್ನು ಮುಚ್ಚಿಡದೆ ಹೇಳುವುದೇ ಮೇಲು. ನಿಂಬಯ್ಯನೆಂಬ ಅರಮನೆಯ ಸೇವಕನೊಡನೆ ರಾಣಿಗೆ ಸಂಬಂಧವಿತ್ತೆಂದೂ, ಬೆಳೆದ ಮಗ ಚೆನ್ನಬಸಪ್ಪ ಅದನ್ನು ಆಕ್ಷೇಪಿಸಿದನೆಂದೂ, ಅವನಿಗೆ ಅಭ್ಯಂಜನ ಮಾಡಿಸಿ ಮೈ ತಿಕ್ಕುತ್ತಿದ್ದ ಜಟ್ಟಿಯೊಬ್ಬನಿಂದ ಕುತ್ತಿಗೆಯ ಕೀಲು ಮುರಿಸಿ ಕೊಲ್ಲಿಸಿದರೆಂದೂ ಕಥೆ. ಇಂಗ್ಲಿಷ್ ಓದುಗರಿಗೆ ಈ ಕಥೆಯನ್ನು ವಿಸ್ತಾರವಾಗಿ ಹೇಳಿದವನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಅವನ ಇತಿಹಾಸ ಗ್ರಂಥದ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ. ಅಂದರೆ ಬಿದನೂರು ಬಿದ್ದು ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಆಮೇಲೆ ಬಂದ ಗೆಜೆಟಿಯರುಗಳು, ಪಠ್ಯಗಳು, ನಾಟಕಗಳು ಅದನ್ನೇ ಹಿಂಬಾಲಿಸಿದವು.

ಕಥೆಯ ಮುಂದಿನ ಭಾಗವನ್ನು ಓದಿದವರಿಗೆ ಒಂದು ಪ್ರಶ್ನೆ ಏಳಲೇಬೇಕು. ಸತ್ತನೆಂದು ಎಲ್ಲರೂ ನಂಬಿದ್ದ ಚೆನ್ನಬಸಪ್ಪ ಐದು ವರ್ಷಗಳ ಬಳಿಕ ಬದುಕಿ ಬಂದ! ಜಟ್ಟಿಗೆ ಮರುಕ ಹುಟ್ಟಿ ತನ್ನನ್ನು ಕೊಲ್ಲದೆ ಮನೆಯಲ್ಲಿ ಬಚ್ಚಿಟ್ಟನೆಂದು ಹೇಳಿಕೊಂಡು ಒಬ್ಬ ತರುಣ ಚಿತ್ರದುರ್ಗದ ಪಾಳೆಯಗಾರನ ಬಳಿಗೆ ಬಂದ. ದುರ್ಗದವರು ಅವನನ್ನು ಹೈದರ್ ಅಲಿಯ ಮುಂದೆ ನಿಲ್ಲಿಸಿದರು. ಆಗ ಹೈದರನು ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡು, ಸಿರಾವನ್ನು ಹಿಡಿದು, ಮಧ್ಯ ಕರ್ನಾಟಕದ ಪಾಳೆಯಗಾರರನ್ನು ಒಬ್ಬೊಬ್ಬರಾಗಿ ಬಗ್ಗಿಸುತ್ತಿದ್ದ ಸಮಯ. ಬಿದನೂರಿಗೆ ಹೋಗಲು ಅವನಿಗೆ ನೆಪ ಬೇಕಿತ್ತು; ನೆಪ ತಾನಾಗಿ ನಡೆದು ಬಂದಿತು. ಅನ್ಯಾಯವಾಗಿ ಪಟ್ಟ ಕಳೆದುಕೊಂಡ ಅರಸನನ್ನು ಮತ್ತೆ ಪಟ್ಟಕ್ಕೆ ಕೂರಿಸಲು ಹೋಗುತ್ತಿದ್ದೇನೆಂದು ಸಾರಿ 1763ರ ಜನವರಿಯ ಕೊನೆಯಲ್ಲಿ ಸೈನ್ಯ ಹೊರಟಿತು.

ಶಿವಮೊಗ್ಗೆಯಲ್ಲಿ ಹೆಚ್ಚು ಪ್ರತಿಭಟನೆ ಇರಲಿಲ್ಲ. ಅಲ್ಲಿಯ ಖಜಾನೆಯಲ್ಲಿ 1 ಲಕ್ಷ ವರಹ ಸಿಕ್ಕಿತೆಂದು ವಿಲ್ಕ್ಸ್ ಬರೆಯುತ್ತಾನೆ. ಕುಂಸಿಗೆ ಬಂದಾಗ ಹಿಂದಿನ ಅರಸನ ಕಾಲದ ಮಂತ್ರಿ ಲಿಂಗಣ್ಣ ಸೆರೆಯಲ್ಲಿದ್ದುದು ಕಂಡುಬಂದಿತು. ರಾಣಿಯ ಮೇಲೆ ಮುನಿದಿದ್ದ ಆತ ಬಿದನೂರಿಗೆ ಹೋಗುವ ಗುಪ್ತ ಕಾಡುದಾರಿಯನ್ನು ಹೇಳಿಕೊಟ್ಟ. ಈ ಒಂದು ಸಂಗತಿಯ ಬಳಿ ನಾವು ಸ್ವಲ್ಪ ನಿಲ್ಲಬೇಕು. ಬಿದನೂರಿನ ಕೋಟೆಗಿಂತ ಬಿದನೂರಿನ ಕಾಡೇ ಗಟ್ಟಿಯಾದ ಕೋಟೆ. ಊರಿನ ಸುತ್ತ ಹರದಾರಿಗಟ್ಟಲೆ ಬೆಟ್ಟ, ಬಿದಿರುಮೆಳೆ, ಹಳ್ಳ. ದಾರಿಗಳಿಗೆ ಅಡ್ಡಲಾಗಿ ಕಟ್ಟಿದ ಕಾವಲುಗಟ್ಟೆಗಳು. ಒಳಗಿನವರು ತೋರಿಸದೆ ಹೊರಗಿನವರು ನುಗ್ಗುವುದು ಸುಲಭವಲ್ಲ. ತೋರಿಸಿದವನು ಅರಮನೆಯ ಒಳಗಿನವನೇ. ಕರೆದುಕೊಂಡು ಬಂದವನು ನೆರೆಯ ಪಾಳೆಯಗಾರನೇ. ಇದನ್ನು ಒಂದು ಧರ್ಮದವರು ಮತ್ತೊಂದು ಧರ್ಮದವರ ಮೇಲೆ ಎತ್ತಿ ಬಂದ ಕಥೆಯಾಗಿ ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಘಟನೆಯ ಸಾಲನ್ನು ನೋಡಿದರೆ ಹಾಗೆ ಕಾಣುವುದಿಲ್ಲ.

ರಾಣಿ ಸಂಧಿಗೆ ಯತ್ನಿಸಿದರು. ದಂಡು ಹತ್ತಿರವಾದಂತೆ ಕಪ್ಪದ ಮೊತ್ತ ಏರುತ್ತ ಹೋಯಿತು. 4 ಲಕ್ಷ ವರಹದಿಂದ ಮೊದಲಾಗಿ 18 ಲಕ್ಷದವರೆಗೆ ಕೊಡುವುದಾಗಿ ಹೇಳಿಕಳಿಸಿದರೆಂದು ದಾಖಲೆಯಾಗಿದೆ. ಹೈದರನು ಒಪ್ಪಲಿಲ್ಲ. ಮಾರ್ಚ್ ತಿಂಗಳ ಮೊದಲಲ್ಲಿ, ಎದುರಿನ ಕಾವಲುಗಟ್ಟೆಗಳ ಮೇಲೆ ದೊಡ್ಡ ಸದ್ದಿನ ದಾಳಿ ನಡೆಯುತ್ತಿರುವಾಗ, ಒಂದು ತುಕಡಿ ಗುಪ್ತದಾರಿಯಿಂದ ಊರೊಳಕ್ಕೆ ಇಳಿಯಿತು. ಜನರು ಮನೆಮಾರು ಬಿಟ್ಟು ಕಾಡು ಸೇರಿದರು. ರಾಣಿಯು ಅರಮನೆಗೆ ಬೆಂಕಿ ಇಡಲು ಆಜ್ಞಾಪಿಸಿ, ಬಾಲಕ ಸೋಮಶೇಖರನನ್ನು ಕರೆದುಕೊಂಡು ಊರು ಬಿಟ್ಟರು. ಹೈದರನು ಬಂದವನೇ ಬೆಂಕಿಯನ್ನು ಆರಿಸಿ, ಬೀಗಮುದ್ರೆ ಹಾಕಿ, ಊರನ್ನು ತನ್ನ ವಶಕ್ಕೆ ತೆಗೆದುಕೊಂಡ. ಅಲ್ಲಿ ಅವನಿಗೆ ದೊರೆತ ಸಂಪತ್ತಿನ ಬೆಲೆಯನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡು ಎಂದು ಅಂದಾಜು ಮಾಡುತ್ತಾನೆ. ಉತ್ಪ್ರೇಕ್ಷೆಯೆಂದೇ ನಮಗೆ ತೋರುತ್ತದೆ. ಅದರಲ್ಲಿ ಕಾಲುಭಾಗವೇ ನಿಜವಾಗಿದ್ದರೂ ಅಗಾಧವಾದದ್ದು. ತನ್ನ ಏಳಿಗೆಗೆ ಬಿದನೂರೇ ಕಾರಣವೆಂದು ಹೈದರನು ಮುಂದೆ ಸದಾ ಹೇಳಿಕೊಳ್ಳುತ್ತಿದ್ದನಂತೆ.

ಓಡಿಹೋದ ರಾಣಿ ಸೇರಿದ್ದು ಬಲ್ಲಾಳರಾಯನ ದುರ್ಗವನ್ನು. ಇದು ಮೂಡಿಗೆರೆಯ ಆಚೆ, ಘಟ್ಟದ ಅಂಚಿನಲ್ಲಿ ಹೊಯ್ಸಳ ಬಲ್ಲಾಳರ ಹೆಸರನ್ನು ಹೊತ್ತು ನಿಂತಿರುವ ದುರ್ಗ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿಯೂ ಅದೇ ತಾಲ್ಲೂಕಿನಲ್ಲಿದೆ. ಬೇಲೂರು, ಹಳೇಬೀಡುಗಳ ಗುಡಿಗಳನ್ನು ದಿನವೂ ಕಾಣುವ ನಮ್ಮ ಕಡೆಯ ಜನ ಆ ದುರ್ಗಕ್ಕೆ ಚಾರಣಕ್ಕೆಂದು ಹೋಗುವುದುಂಟು. ಮಂಜು, ಹುಲ್ಲುಗಾವಲು, ಮುರಿದ ಕೋಟೆಗೋಡೆ, ಕೆಳಗೆ ಕರಾವಳಿಯ ಕಾಡು. ಕೆಳದಿಯ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ರಾಜ್ಯ ಕೊನೆಯುಸಿರೆಳೆದದ್ದು ಬಿದನೂರಿನಲ್ಲಿ ಎನ್ನುವುದಕ್ಕಿಂತ ಆ ಗುಡ್ಡದ ಮೇಲೆ ಎನ್ನುವುದು ಸರಿ. ಹೈದರನ ಜನ ಬೆನ್ನಟ್ಟಿ ಬಂದು ರಾಣಿಯನ್ನೂ ಬಾಲಕನನ್ನೂ ನಿಂಬಯ್ಯನನ್ನೂ ಸೆರೆಹಿಡಿದರು.

ಈಗ ನಾವು ಹೇಳಬಯಸಿದ ಪ್ರಶ್ನೆಗೆ ಬರೋಣ. ಪಟ್ಟಕ್ಕೆ ಕೂರಿಸುತ್ತೇನೆಂದು ಕರೆತಂದ ಆ ಚೆನ್ನಬಸಪ್ಪನ ಗತಿ ಏನಾಯಿತು? ಹೈದರನ ಸಿಪಾಯಿಗಳೇ ಅವನನ್ನು ಗೈಬು ರಾಜನೆಂದು, ಅಂದರೆ ಮಾಯವಾಗಿ ಮತ್ತೆ ಕಾಣಿಸಿಕೊಂಡ ರಾಜನೆಂದು, ಹಾಸ್ಯ ಮಾಡುತ್ತಿದ್ದರು. ಊರು ಕೈಗೆ ಬಂದ ಮೇಲೆ ಹೈದರನು ಅವನನ್ನು ಪಟ್ಟಕ್ಕೆ ಕೂರಿಸಲಿಲ್ಲ. ರಾಣಿಯನ್ನು ಇಟ್ಟ ಮಧುಗಿರಿಯ ಸೆರೆಮನೆಗೇ ಅವನನ್ನೂ ನೂಕಿದ. ಅಪರಾಧ ಮಾಡಿದವಳೆಂದು ಯಾರ ಮೇಲೆ ಆರೋಪ ಹೊರಿಸಿದ್ದರೋ ಅವರೂ, ಅಪರಾಧಕ್ಕೆ ಬಲಿಯಾದವನೆಂದು ಯಾರನ್ನು ಮೆರೆಸಿದ್ದರೋ ಅವನೂ ಒಂದೇ ದುರ್ಗದ ಕೈದಿಗಳಾದರು. ಆತನು ನಿಜವಾದ ಚೆನ್ನಬಸಪ್ಪನೇ ಆಗಿದ್ದರೆ ರಾಣಿ ಕೊಲೆ ಮಾಡಿಸಿದ್ದಾರೆಂಬ ಮಾತು ಪೂರ್ತಿಯಾಗಿ ನಿಲ್ಲುವುದಿಲ್ಲ. ವೇಷಧಾರಿಯಾಗಿದ್ದರೆ ರಾಣಿಯ ಮೇಲೆ ಸೈನ್ಯ ತಂದವರು ಒಂದು ಸುಳ್ಳನ್ನು ಮುಂದಿಟ್ಟುಕೊಂಡು ತಂದಂತಾಯಿತು. ಸುಳ್ಳು ಸಾಕ್ಷಿಯ ಮೇಲೆ ನಡೆದ ಮೊಕದ್ದಮೆಯಲ್ಲಿ ಉಳಿದ ಆರೋಪಗಳನ್ನಾದರೂ ಕಣ್ಣು ಮುಚ್ಚಿ ನಂಬುವುದು ಹೇಗೆ?

ಇನ್ನೊಂದು ವೃತ್ತಾಂತವಿದೆ. ಹೈದರನ ಸೈನ್ಯದಲ್ಲಿ ಕೆಲಸ ಮಾಡಿದ ದೆ ಲಾ ತೂರ್ ಎಂಬ ಫ್ರೆಂಚ್ ಅಧಿಕಾರಿ ಹೈದರನ ಚರಿತ್ರೆಯನ್ನು ಬರೆದಿದ್ದಾನೆ. ವಿಲ್ಕ್ಸನಿಗಿಂತ ಮೊದಲಿನವನು. ಅವನ ಪ್ರಕಾರ ರಾಣಿ ಒಬ್ಬ ಬ್ರಾಹ್ಮಣನನ್ನು ಮದುವೆಯಾಗಿದ್ದಳು. ಗೆದ್ದು ಬಂದ ಹೈದರನನ್ನು ಮದ್ದಿನ ಪುಡಿಯಿಟ್ಟು ಸಿಡಿಸಿ ಕೊಲ್ಲಲು ಗಂಡಹೆಂಡಿರು ಸಂಚು ಮಾಡಿ ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದರು. ಒಬ್ಬನ ಗ್ರಂಥದಲ್ಲಿ ಜೊತೆಗಾರ ಅರಮನೆಯ ಸೇವಕ, ಇನ್ನೊಬ್ಬನಲ್ಲಿ ಕೈಹಿಡಿದ ಗಂಡ. ಒಬ್ಬನಲ್ಲಿ ಸೆರೆ, ಇನ್ನೊಬ್ಬನಲ್ಲಿ ಕೊಲೆ. ಇಬ್ಬರೂ ಒಪ್ಪುವ ಮಾತು ಒಂದೇ, ರಾಣಿಯ ನಡತೆ ಕೆಟ್ಟದ್ದು. ಮನೆಯ ಯಜಮಾನಿ ಯಾರೆಂದೂ, ಆಕೆಗೆ ಏನಾಯಿತೆಂದೂ ಸರಿಯಾಗಿ ತಿಳಿಯದವರಿಗೆ ಆಕೆಯ ಅಂತಃಪುರದ ವಿಷಯ ಮಾತ್ರ ಹೇಗೆ ಖಚಿತವಾಗಿ ತಿಳಿಯಿತೋ ಕಾಣೆವು. ಬಸವಪ್ಪನಾಯಕನಿಗೂ ಅವನ ಹಿಂದಿನವರಿಗೂ ಎಷ್ಟು ರಾಣಿಯರು, ಎಷ್ಟು ನರ್ತಕಿಯರು ಎಂಬ ಲೆಕ್ಕವನ್ನು ಯಾರೂ ರಾಜ್ಯಪತನದ ಕಾರಣಗಳಲ್ಲಿ ಸೇರಿಸಿಲ್ಲ. ಚೆನ್ನಮ್ಮಾಜಿಯವರ ಪತಿಯ ನರ್ತಕಿಯ ಪ್ರಸಂಗವನ್ನಂತೂ ಪತಿಗೆ ಬಂದ ದುರ್ದೈವವೆಂದು ಮರುಕದಿಂದಲೇ ಹೇಳುತ್ತ ಬಂದಿದ್ದೇವೆ.

ಹಾಗೆಂದು ವೀರಮ್ಮಾಜಿಯವರನ್ನು ನಿರ್ದೋಷಿಯೆಂದು ಸಾರುವ ಅಧಿಕಾರವೂ ನಮಗಿಲ್ಲ. ಭಕ್ತರಲ್ಲಿ ಕೆಲವರು ಅದನ್ನೇ ನಿರೀಕ್ಷಿಸಬಹುದು. ಮೂರು ವರ್ಷದಲ್ಲಿ ತರುಣ ಅರಸನೊಬ್ಬ ಇಲ್ಲವಾಗುವುದು, ಅವನ ಸ್ಥಾನಕ್ಕೆ ಅರಿಯದ ಬಾಲಕನೊಬ್ಬ ಬರುವುದು, ಅಧಿಕಾರವೆಲ್ಲ ಒಂದೇ ಕೈಗೆ ಸೇರುವುದು, ಹಳೆಯ ಮಂತ್ರಿ ಸೆರೆಯಲ್ಲಿರುವುದು ಇವೆಲ್ಲ ಯಾವ ಅರಮನೆಯಲ್ಲಿ ನಡೆದರೂ ಸಂಶಯಕ್ಕೆ ಎಡೆಗೊಡುವ ಸಂಗತಿಗಳೇ. ಆಳುವವರಾಗಿ ಅವರ ದೊಡ್ಡ ಸೋಲು, ನಮಗೆ ತೋರುವಂತೆ, ಅಂತಃಪುರದಲ್ಲಿಲ್ಲ, ಕುಂಸಿಯ ಸೆರೆಮನೆಯಲ್ಲಿದೆ. ಅನುಭವಿ ಮಂತ್ರಿಯನ್ನು ಹಗೆಯಾಗಿಸಿಕೊಂಡರು. ಖಜಾನೆ ತುಂಬಿತ್ತು, ದಂಡಿನ ಮೇಲೆ ಅದನ್ನು ಸುರಿಯಲಿಲ್ಲ. ಸಿರಾ ಬಿದ್ದಾಗಲೇ, ಚಿತ್ರದುರ್ಗ ಬಗ್ಗಿದಾಗಲೇ ಎಚ್ಚರಗೊಳ್ಳಬೇಕಿತ್ತು. ಭುವನಗಿರಿಗೆ ಹೋದ ಚೆನ್ನಮ್ಮಾಜಿಯವರ ಹಿಂದೆ ನಿಷ್ಠ ಸೇನಾನಿ ತಿಮ್ಮಣ್ಣನಾಯಕನಿದ್ದ. ಬಲ್ಲಾಳರಾಯನ ದುರ್ಗಕ್ಕೆ ಹೋದ ವೀರಮ್ಮಾಜಿಯವರ ಹಿಂದೆ ಅಂಥವನೊಬ್ಬನೂ ಬರಲಿಲ್ಲ. ಬರದಂತೆ ಮಾಡಿಕೊಂಡದ್ದರಲ್ಲಿ ಅವರ ಪಾಲೂ ಇತ್ತು.

ನಿಂಬಯ್ಯನ ವಿಷಯದಲ್ಲಿ ನಮ್ಮ ಸಮಾಜದವರಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ಹನ್ನೆರಡನೆಯ ಶತಮಾನದ ಶರಣರ ಕಾಲದಿಂದಲೂ ನಮ್ಮಲ್ಲಿ ಹೆಣ್ಣಿಗೆ ಲಿಂಗದೀಕ್ಷೆಯುಂಟು, ಇಷ್ಟಲಿಂಗ ಪೂಜೆಯುಂಟು. ಗಂಡ ಸತ್ತವಳು ಅಶುಭಳೆಂಬ ಭಾವನೆ ಶರಣಧರ್ಮದ್ದಲ್ಲ. ನಮ್ಮ ಸಮಾಜದ ಅನೇಕ ಒಳಪಂಗಡಗಳಲ್ಲಿ, ಎಲ್ಲದರಲ್ಲೂ ಅಲ್ಲ, ಕೂಡಾವಳಿ, ಉಡಿಕೆ ಎಂಬ ಹೆಸರುಗಳಲ್ಲಿ ವಿಧವೆಯರು ಮರುಮದುವೆಯಾಗುವ ರೂಢಿ ಹಿಂದಿನಿಂದಲೂ ಇದ್ದಿತು. ಒಕ್ಕಲು ಮನೆಯ ಹೆಣ್ಣುಮಗಳಿಗೆ ಸಮಾಜ ಒಪ್ಪಿದ್ದ ದಾರಿ ಅರಮನೆಯ ಹೆಣ್ಣುಮಗಳಿಗೆ ಇರಲಿಲ್ಲ. ಅವಳು ಮರುಮದುವೆಯಾದರೆ ಪಟ್ಟದ ಪ್ರಶ್ನೆ, ದತ್ತಕದ ಪ್ರಶ್ನೆ, ಭಂಡಾರದ ಬೀಗದ ಪ್ರಶ್ನೆ ಏಳುತ್ತಿದ್ದವು. ನಿಂಬಯ್ಯ ಜೊತೆಗಾರನೇ ಆಗಿದ್ದರೂ ಅದು ಒಂದು ರಾಜ್ಯವನ್ನು ಕೆಡಹುವ ಪಾತಕವಾಗುವುದಿಲ್ಲ. ಮಗನಂತೆ ಬೆಳೆಸಿದವನ ಪ್ರಾಣ ತೆಗೆಸಿದ್ದು ನಿಜವಾದರೆ ಅದು ಪಾತಕ, ಅದಕ್ಕೆ ಸಮರ್ಥನೆಯಿಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟು ತೂಗಬೇಕು. ನಮ್ಮ ಜನ ಇನ್ನೂರೈವತ್ತು ವರ್ಷಗಳಿಂದ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಎರಡನೆಯದಕ್ಕಿಂತ ಮೊದಲನೆಯದನ್ನೇ ಹೆಚ್ಚು ಆಡಿಕೊಂಡಿದ್ದಾರೆ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಡವರಿಗೆ ಆ ಸೆರೆಯ ಕಲ್ಪನೆ ಬರಬಹುದು. ಮಲೆನಾಡಿನ ಮಳೆ, ಹಸಿರು, ತೋಟಗಳ ನಡುವೆ ಬಾಳಿದ ರಾಣಿ ಬಯಲುಸೀಮೆಯ ಬೋಳು ಬಂಡೆಯ ಮೇಲೆ ಬೇಸಿಗೆಗಳನ್ನು ಕಳೆದರು. 1767ರಲ್ಲಿ ಪೇಶ್ವೆ ಮಾಧವರಾಯನು ಹೈದರನ ಮೇಲೆ ದಂಡೆತ್ತಿ ಬಂದು ಸಿರಾವನ್ನೂ ಮಧುಗಿರಿಯನ್ನೂ ಹಿಡಿದಾಗ ರಾಣಿಗೂ ಬಾಲಕನಿಗೂ ಬಿಡುಗಡೆಯಾಯಿತು. ಮರಾಠರು ಅವರನ್ನು ಪುಣೆಯ ಕಡೆಗೆ ಕರೆದೊಯ್ದರು. ಕರುಣೆಯೂ ಇದ್ದಿರಬಹುದು, ಮುಂದೊಂದು ದಿನ ಹೈದರನ ವಿರುದ್ಧ ಉಪಯೋಗಕ್ಕೆ ಬರಲಿ ಎಂಬ ಲೆಕ್ಕವೂ ಇದ್ದಿರಬಹುದು. ಬಿದನೂರಿನ ವಾರಸುದಾರರು ಕೈಯಲ್ಲಿದ್ದರೆ ಅದೊಂದು ಅಸ್ತ್ರವೇ ತಾನೆ. ವೀರಮ್ಮಾಜಿಯವರು ಪುಣೆಯನ್ನು ತಲುಪಲಿಲ್ಲ. ದಾರಿಯಲ್ಲಿಯೇ ಲಿಂಗೈಕ್ಯರಾದರು.

ಬಿದನೂರಿಗೆ ಹೈದರನು ತನ್ನ ಹೆಸರನ್ನೇ ಇಟ್ಟು ಹೈದರನಗರವೆಂದು ಕರೆದ. ಜನರ ಬಾಯಲ್ಲಿ ಹೈದರ ಉದುರಿ ನಗರ ಮಾತ್ರ ಉಳಿಯಿತು. ಅಲ್ಲಿ ಅವನ ವಿರುದ್ಧ ಹಳೆಯ ಅಧಿಕಾರಿಗಳ ಸಂಚೊಂದು ಬೆಳಕಿಗೆ ಬಂದಾಗ ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ. ರಾಣಿಯ ಆಳ್ವಿಕೆ ಅಷ್ಟೊಂದು ಹೇಸಿಗೆ ಹುಟ್ಟಿಸಿದ್ದರೆ, ಆಕೆ ಹೋದ ಮೇಲೂ ಪ್ರಾಣದ ಹಂಗು ತೊರೆದು ಎದ್ದವರು ಯಾಕೆ ಎದ್ದರು ಎಂದು ನಾವು ಯೋಚಿಸಿದ್ದುಂಟು. ಅದೇ ನಗರದಲ್ಲಿ ಹೈದರನು ತನ್ನ ಹೆಸರಿನ ಚಿನ್ನದ ವರಹವನ್ನು ಮೊದಲ ಬಾರಿಗೆ ಟಂಕಿಸಿದನು. ಅದರ ಒಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರ. ಇನ್ನೊಂದು ಮುಖದಲ್ಲಿ ಇಕ್ಕೇರಿ ವರಹದಲ್ಲಿದ್ದ ಶಿವಪಾರ್ವತಿಯರೇ. ಕೆಳದಿಯ ನಾಣ್ಯವನ್ನು ಜನ ನಂಬುತ್ತಿದ್ದರು, ಆ ನಂಬಿಕೆಯನ್ನು ಕೆಡಿಸಲು ವ್ಯವಹಾರ ಬಲ್ಲ ಹೈದರನಿಗೆ ಮನಸ್ಸಿರಲಿಲ್ಲ.

ಕೆಳದಿಯ ಹೆಸರು ಜನರಲ್ಲಿ ಎಷ್ಟು ಕಾಲ ಉಳಿದಿತ್ತೆಂಬುದಕ್ಕೆ 1830ರ ನಗರ ದಂಗೆ ಸಾಕ್ಷಿ. ಕಂದಾಯದ ಕಿರುಕುಳದಿಂದ ಬೇಸತ್ತ ರೈತರು ಎದ್ದಾಗ, ಸಾದರ ಮಲ್ಲನೆಂಬವನು ಬೂದಿ ಬಸವಪ್ಪನೆಂಬ ಹೆಸರಿನಲ್ಲಿ ತಾನು ನಗರದ ಅರಸುಮನೆತನದ ವಾರಸುದಾರನೆಂದು ಮುಂದೆ ಬಂದ. ರಾಣಿ ಹೋಗಿ ಅರವತ್ತು ವರ್ಷ ದಾಟಿದ್ದರೂ ಆ ಹೆಸರಿಗೆ ಜನ ಸೇರಿದರು. ಅವನೂ ನಿಜವಾದ ವಾರಸುದಾರನಲ್ಲ, ಇನ್ನೊಬ್ಬ ಗೈಬು ರಾಜನೇ. ದಂಗೆಯ ಪರಿಣಾಮವಾಗಿ 1831ರಲ್ಲಿ ಮೈಸೂರಿನ ಆಡಳಿತ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿ ಬ್ರಿಟಿಷ್ ಕಮಿಷನರುಗಳ ವಶಕ್ಕೆ ಹೋಯಿತು. ಇಡೀ ಮೈಸೂರು ಸಂಸ್ಥಾನಕ್ಕೆ ಐವತ್ತು ವರ್ಷ ತಟ್ಟಿದ ಬದಲಾವಣೆಯ ಬೇರು ಬಿದನೂರಿನ ಸೀಮೆಯಲ್ಲಿ ಇತ್ತು.

ಈ ಮನೆತನದ ಚರಿತ್ರೆಯನ್ನು ತಿಳಿಯಬಯಸುವವರು ಲಿಂಗಣ್ಣ ಕವಿಯ ಕೆಳದಿನೃಪವಿಜಯವನ್ನು ಓದಬಹುದು. ಅದು ಚಂಪೂ ಗ್ರಂಥ, ಹಳಗನ್ನಡದ ಅಭ್ಯಾಸವಿದ್ದವರಿಗೆ ಹಿತವಾದೀತು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳೂ ಆ ಕಾಲದ ವಸ್ತುಗಳೂ ಇವೆ. ಅರಸೀಕೆರೆಯಿಂದ ಶಿವಮೊಗ್ಗೆಗೆ ರೈಲಿನಲ್ಲಿ ಹೋಗಿ, ಹೊಸನಗರದ ದಾರಿ ಹಿಡಿದು ನಗರದ ಕೋಟೆಯನ್ನು ಮುಟ್ಟಬಹುದು. ಹತ್ತಿರದಲ್ಲೇ ದೇವಗಂಗೆಯ ಕೊಳಗಳಿವೆ. ಕಲ್ಲಿನ ತೊಟ್ಟಿಗಳಲ್ಲಿ ನೀರು ಇಂದಿಗೂ ಒಂದರಿಂದ ಒಂದಕ್ಕೆ ಹರಿಯುತ್ತದೆ. ಮಳೆಗಾಲದಲ್ಲಿ ಜಿಗಣೆಗಳಿರುವುದರಿಂದ ವಯಸ್ಸಾದವರು ಚಳಿಗಾಲದಲ್ಲಿ ಹೋಗುವುದು ಒಳಿತು.

ಮಹಿಳಾ ಸಮಾವೇಶಕ್ಕೆಂದು ನಾವು ಸಿದ್ಧಪಡಿಸಿರುವ ರಾಣಿಯರ ಪಟ್ಟಿಯಲ್ಲಿ ಈ ಸಲ ಚೆನ್ನಮ್ಮಾಜಿಯವರ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿದೆ. ಹೊಗಳಿಕೆಯ ವಿಶೇಷಣವನ್ನು ಹಾಕಿಲ್ಲ, ತೆಗಳಿಕೆಯದನ್ನೂ ಹಾಕಿಲ್ಲ. ವೀರಮ್ಮಾಜಿ, ಬಿದನೂರು, 1757ರಿಂದ 1763.